ಉತಾರದಲ್ಲಿ ಬರೆಯೋ ಕೈ ಯಾರದು?

ಡೇಟಾಬೇಸ್ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ಗಾಜಿನ ಕಟ್ಟಡ, ಕೊರಳಲ್ಲಿ ಐಡಿ ಕಾರ್ಡ್ ಹಾಕ್ಕೊಂಡು ಓಡಾಡೋ ಹುಡುಗರು. ಅದು ಅವರ ಲೋಕ, ನಮಗೇನು ಅಂತೀರಿ ತಾನೇ? ಇವತ್ತು ನಾನು ನಿಮ್ಮನ್ನ ಆ ಕಡೆಗೆ ಕರ್ಕೊಂಡು ಹೋಗೋದಿಲ್ಲ. ಅಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ, ಕೃಷ್ಣಾ ನದಿಯ ದಂಡೆಗೆ ಹೋಗೋಣ.

ಈ ಊರಿನ ಹೆಸರು ಹಿರಿಯರಿಗೆ ಚೆನ್ನಾಗಿ ಗೊತ್ತು. ಕಣ್ಣೆದುರೇ ಕೃಷ್ಣೆ ಹರೀತಿದ್ರೂ ಬೇಸಿಗೆಯಲ್ಲಿ ಹೊಲಕ್ಕೆ ನೀರಿಲ್ಲ. ಸರ್ಕಾರ ಕಟ್ಟುತ್ತೆ ಅಂತ ಕಾದು ಕಾದು ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿದ್ರು, ರೈತರೇ ಬೆವರು ಸುರಿಸಿದ್ರು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿಯೇ ಬಿಟ್ರು. ಹೆಸರು ಶ್ರಮಬಿಂದು ಸಾಗರ. 'ಬ್ಯಾರೇಜ್ ಸಿದ್ದು' ಅಂತಲೇ ಹೆಸರಾದ ಅದೇ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನ ಸೋಲಿಸಿದ್ರು. ಇಷ್ಟು ಎಲ್ಲರಿಗೂ ಗೊತ್ತಿರೋ ಕಥೆ.

ನನ್ನ ಕಥೆ ಶುರುವಾಗೋದು ಇಲ್ಲಿಂದ. ನೀರು ಬಂತು, ಒಣ ಹೊಲ ಕಬ್ಬಿನ ಗದ್ದೆಯಾಯ್ತು. ಆದ್ರೆ ತಾಲ್ಲೂಕು ಕಚೇರಿಯ ಕಾಗದಕ್ಕೆ ಆ ನೀರು ಮುಟ್ಟಿತಾ?

ಈ ಪ್ರಶ್ನೆಯನ್ನ ಈಗ ಯಾಕೆ ಕೇಳ್ತಿದೀನಿ? 2025ರ ಸೆಪ್ಟೆಂಬರ್ 16ರಂದು ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಬಗ್ಗೆ ಒಂದು ದೊಡ್ಡ ತೀರ್ಮಾನ ತಗೊಳ್ತು. ಆಲಮಟ್ಟಿ ಅಣೆಕಟ್ಟೆಯ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಿದ್ರೆ ಸುಮಾರು 75 ಸಾವಿರ ಎಕರೆ ಜಮೀನು ಹಿನ್ನೀರಿಗೆ ಹೋಗುತ್ತೆ. ಹಾಗೆ ಮುಳುಗೋ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಜಮೀನಿಗೆ 30 ಲಕ್ಷ. ಗಮನಿಸಿ ವೀಕ್ಷಕರೇ, ಅದೇ ಮಣ್ಣು, ಅದೇ ಎಕರೆ. ನೀರಾವರಿ ಅಂತ ಇದ್ರೆ ಒಂದು ಬೆಲೆ, ಒಣ ಅಂತ ಇದ್ರೆ ಇನ್ನೊಂದು. ಒಂದು ಪದಕ್ಕೆ ಎಕರೆಗೆ ಹತ್ತು ಲಕ್ಷ ರೂಪಾಯಿ! ಅಧಿಕಾರಿಗಳು ಬರ್ತಾರೆ, ಅಳೀತಾರೆ, ಬೆಳೆ ನೋಡ್ತಾರೆ, ಎಲ್ಲಾ ಸರಿ. ಆದ್ರೆ ಎಲ್ಲಕ್ಕಿಂತ ಮೊದಲು ತೆರೆಯೋದು ಉತಾರವನ್ನೇ. ಉತಾರ ಇರೋದು ಡೇಟಾಬೇಸಿನಲ್ಲಿ. ಈಗ ಹೇಳಿ, ಡೇಟಾಬೇಸ್ ಬರೀ ಎಲೆಕ್ಟ್ರಾನಿಕ್ ಸಿಟಿಯ ಹುಡುಗರ ವಿಷಯವಾ?

ಬೆಂಗಳೂರು, ಮೈಸೂರು ಕಡೆಯವರಿಗೆ ಒಂದು ಮಾತು. ನೀವು ಪಹಣಿ ಅನ್ನೋದನ್ನೇ ಇಲ್ಲಿ ಉತಾರ ಅಂತಾರೆ. ಮರಾಠಿಯಿಂದ ಬಂದ ಪದ. ಮೂಲ ಪುಸ್ತಕದಿಂದ ಇಳಿಸಿಕೊಂಡ ನಕಲು ಅಂತ ಅರ್ಥ. ಇಂಜಿನಿಯರಿಂಗ್ ಓದುವಾಗ ಡಿಬಿಎಂಎಸ್ ಅನ್ನೋ ವಿಷಯದಲ್ಲಿ ನಾವು ಕಲಿತದ್ದೂ ಇದನ್ನೇ. ಮೂಲ ಕೋಷ್ಟಕ ಒಳಗಿರುತ್ತೆ, ಕೇಳಿದವರಿಗೆ ಬೇಕಾದಷ್ಟನ್ನ ಇಳಿಸಿ ಕೊಡುತ್ತೆ. ಅದಕ್ಕೆ ನಾವು ಕ್ವೆರಿ ಅಂತೀವಿ, ಜಮಖಂಡಿಯ ರೈತ ನೂರು ವರ್ಷದ ಹಿಂದೆಯೇ ಉತಾರ ಅಂದಿದ್ದ.

ಹಾಗಾದ್ರೆ ಆ ಮೂಲ ಪುಸ್ತಕ ಯಾವುದು? ಇತಿಹಾಸದ ಗಮ್ಮತ್ತು ಇರೋದೇ ಇಲ್ಲಿ. ಒಂದು ಪುಸ್ತಕ ಇರಲೇ ಇಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಊರು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗೆ. ಬೈಕಿನಲ್ಲಿ ಒಂದೇ ದಿನ ಸುತ್ತಿ ಬರಬಹುದಾದ ಸೀಮೆಗೆ ನಾಲ್ಕು ಸರ್ಕಾರ, ನಾಲ್ಕು ದಫ್ತರ. ಹಳೆಯ ಕಡತ ಬಿಚ್ಚಿದ್ರೆ ಮೋಡಿ ಲಿಪಿಯ ಮರಾಠಿ. ಇವತ್ತು ಎರಡು ಕಂಪನಿ ಒಂದಾದಾಗ ಅವುಗಳ ಡೇಟಾ ಕೂಡಿಸೋಕೆ ವರ್ಷಗಟ್ಟಲೆ ಒದ್ದಾಡ್ತಾರೆ. ಇಲ್ಲಿ ಕೂಡಬೇಕಾಗಿದ್ದದ್ದು ಸಂಸ್ಥಾನಗಳೇ!

ಬ್ರಿಟಿಷರ ದಫ್ತರದ ಲೆಕ್ಕ ಬೇರೆ. 1835ರ ಹೊತ್ತಿಗೆ ಪುಣೆ ಹತ್ತಿರದ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನೋ ಇಬ್ಬರು ಅಧಿಕಾರಿಗಳು ಹೊಸ ರೀತಿಯ ಸರ್ವೆ ಶುರುಮಾಡಿದ್ರು. ಅದೇ ಪದ್ಧತಿ ಮುಂದೆ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಗೂ ಬಂತು. ಅವರು ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಪ್ರತಿ ಹೊಲಕ್ಕೂ ಒಂದು ನಂಬರ್ ಕೊಟ್ಟಿದ್ದು. ಮಾಲೀಕ ಸಾಯಬಹುದು, ಮಾರಬಹುದು, ಹೆಸರು ಬದಲಾಗಬಹುದು. ಸರ್ವೆ ನಂಬರ್ ಬದಲಾಗಲ್ಲ. ಡೇಟಾಬೇಸ್ ಪುಸ್ತಕದ ಮೊದಲ ಪಾಠವಾದ ಪ್ರೈಮರಿ ಕೀ ಅಂದ್ರೆ ಇದೇ. ಎರಡು ವಸ್ತುವಿಗೆ ಒಂದೇ ಗುರುತು ಇರಬಾರದು, ಒಂದು ವಸ್ತುವಿಗೆ ಎರಡು ಗುರುತು ಇರಬಾರದು. ನಮ್ಮ ಹೊಲದ ಬಾಂದುಕಲ್ಲು ಈ ಪಾಠವನ್ನ ಕಂಪ್ಯೂಟರ್ ಹುಟ್ಟೋದಕ್ಕೆ ಎಷ್ಟೋ ಮೊದಲೇ ಹೇಳಿತ್ತು.

ಆದ್ರೆ ಆ ಸರ್ವೆಯ ಉದ್ದೇಶ ಕಂದಾಯ. ಯಾರ ಹತ್ರ ವಸೂಲಿ ಮಾಡಬೇಕು ಅನ್ನೋದಷ್ಟೇ ಅವರಿಗೆ ಬೇಕಿತ್ತು. ಯಾರಿಗೆ ಏನು ಹಕ್ಕಿದೆ ಅಂತ ಬರೆಯೋಕೆ ಮುಂಬೈ ಸರ್ಕಾರ 1903ರಲ್ಲಿ ಬೇರೆ ಕಾಯ್ದೆಯನ್ನೇ ತಂತು. ಅಲ್ಲಿಂದ ಹಕ್ಕು ದಾಖಲೆ ಅನ್ನೋದು ಬಂತು. ಅದರ ಜೊತೆಗೇ ಬಂತು ನಮ್ಮ ರೈತರು 'ವರ್ದಿ' ಅನ್ನೋ ಮ್ಯುಟೇಷನ್ ಪುಸ್ತಕ.

ಈ ವರ್ದಿ ಪುಸ್ತಕದ ಬಗ್ಗೆ ಎರಡು ನಿಮಿಷ ಜಾಸ್ತಿ ತಗೊಳ್ತೀನಿ, ಯಾಕಂದ್ರೆ ಇಡೀ ಕಥೆಯ ಜೀವ ಇರೋದು ಇಲ್ಲೇ. ಜಮೀನು ಮಾರಾಟವಾಯ್ತು ಅನ್ಕೊಳ್ಳಿ. ಕುಲಕರ್ಣಿ ನೇರವಾಗಿ ಉತಾರದಲ್ಲಿ ಹಳೇ ಹೆಸರು ಹೊಡೆದು ಹೊಸ ಹೆಸರು ಬರೆಯೋ ಹಾಗಿಲ್ಲ. ಮೊದಲು ವರ್ದಿ ಪುಸ್ತಕದಲ್ಲಿ ಬರೀಬೇಕು: ಇಂಥ ದಿನ, ಇಂಥ ಕಾರಣಕ್ಕೆ, ಇಂಥವರಿಂದ ಇಂಥವರಿಗೆ. ನೋಟಿಸ್ ಕೊಡಬೇಕು. ತಕರಾರಿಗೆ ಸಮಯ ಬಿಡಬೇಕು. ಮೇಲಧಿಕಾರಿ ಮಂಜೂರು ಮಾಡಬೇಕು. ಆಮೇಲೆ ಉತಾರದಲ್ಲಿ ಹೊಸ ಹೆಸರು, ಪಕ್ಕದಲ್ಲಿ ವರ್ದಿ ನಂಬರ್. ಹಾಗಾಗಿ ಉತಾರ ನೋಡಿದ್ರೆ ಇವತ್ತಿನ ಸ್ಥಿತಿ ಗೊತ್ತಾಗುತ್ತೆ, ವರ್ದಿ ನೋಡಿದ್ರೆ ಆ ಸ್ಥಿತಿ ಹೇಗೆ ಬಂತು ಅನ್ನೋದು ಗೊತ್ತಾಗುತ್ತೆ. ಇವತ್ತು ಬ್ಯಾಂಕಿನ ಪ್ರತಿ ಡೇಟಾಬೇಸ್ ಒಳಗೂ ಟ್ರಾನ್ಸಾಕ್ಷನ್ ಲಾಗ್ ಅಂತ ಒಂದು ಇರುತ್ತೆ. ಮೊದಲು ಲಾಗ್‌ನಲ್ಲಿ ಬರೆದು ಆಮೇಲೆ ಮೂಲದಲ್ಲಿ ತಿದ್ದು ಅನ್ನೋದು ಅದರ ನಿಯಮ. ಈ ಟ್ರಾನ್ಸಾಕ್ಷನ್ ಶಾಸ್ತ್ರವನ್ನ ಗಟ್ಟಿ ಮಾಡಿದ ಜಿಮ್ ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಚಾವಡಿಯಲ್ಲಿ ಚಾಪೆ ಮೇಲೆ ಕೂತಿದ್ದ ಕುಲಕರ್ಣಿಗೂ ನಿಯಮ ಅದೇ ಇತ್ತು ಸ್ವಾಮಿ!

ನಿಯಮ ಇತ್ತು ಅಂದ ಮಾತ್ರಕ್ಕೆ ಪಾಲನೆ ಆಯ್ತು ಅಂತಲ್ಲ. ದಫ್ತರ ಕುಲಕರ್ಣಿಯ ಮನೇಲಿ. ಓದೋಕೆ ಬರೋದು ಅವನಿಗೆ ಮಾತ್ರ. ಯಾವ ರುಮಾಲಿನ ಗಂಟಿನಲ್ಲಿ ಯಾವ ಹೊಲ ಇದೆ ಅಂತ ಗೊತ್ತಿರೋದೂ ಅವನಿಗೆ ಮಾತ್ರ. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು. 1950ರ ಕಾಯ್ದೆ ಕುಲಕರ್ಣಿ ವತನವನ್ನ ರದ್ದು ಮಾಡ್ತು, ಸಂಬಳದ ತಲಾಟಿ ಬಂದ. 1956ರ ನವೆಂಬರ್ 1ಕ್ಕೆ ಈ ಭಾಗ ಮೈಸೂರು ರಾಜ್ಯಕ್ಕೆ ಸೇರ್ತು. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಹಳೇ ಮೈಸೂರು, ಐದು ಕಡೆಯ ಐದು ಪದ್ಧತಿಗಳನ್ನ 1964ರ ಭೂಕಂದಾಯ ಕಾಯ್ದೆ ಒಂದೇ ಚೌಕಟ್ಟಿಗೆ ತಂತು. ಆ ಕಾಯ್ದೆಯ 133ನೇ ಕಲಂ ನೆನಪಿಟ್ಕೊಳ್ಳಿ: ಹಕ್ಕು ದಾಖಲೆಯಲ್ಲಿ ಬರೆದದ್ದು, ಸುಳ್ಳು ಅಂತ ಸಾಬೀತಾಗೋವರೆಗೂ ನಿಜ ಅಂತಲೇ ಭಾವಿಸಬೇಕು. ಸಾಬೀತು ಮಾಡೋ ಹೊಣೆ ಯಾರದು? ತಪ್ಪಾಗಿದೆ ಅನ್ನೋ ರೈತನದೇ.

ಇತ್ತ ತಲಾಟಿ ರುಮಾಲು ಬಿಚ್ಚಿ ಕಟ್ಟುತ್ತಿದ್ದ ಕಾಲಕ್ಕೇ ಅಮೆರಿಕದಲ್ಲಿ ಕಂಪ್ಯೂಟರಿಗೂ ಅದೇ ರೋಗ ಬಂದಿತ್ತು. 1960ರ ದಶಕದಲ್ಲಿ ಐಬಿಎಂ ಕಂಪನಿ ಅಪೊಲೊ ಚಂದ್ರಯಾನದ ಬಿಡಿಭಾಗಗಳ ಲೆಕ್ಕಕ್ಕೆ ಐಎಂಎಸ್ ಅನ್ನೋ ವ್ಯವಸ್ಥೆ ಕಟ್ಟಿತು. ಮರದ ಕೊಂಬೆ ಥರ, ಮೇಲಿನಿಂದ ಕೆಳಗೆ ಇಳೀತಾ ಹೋಗಬೇಕು. ದಾರಿ ಗೊತ್ತಿದ್ದವನಿಗೆ ಮಾತ್ರ ಮಾಹಿತಿ ಸಿಗುತ್ತೆ. ತಲಾಟಿಯ ಗಂಟಿನ ಹಾಗೇ! 1970ರ ಜೂನ್‌ನಲ್ಲಿ ಅದೇ ಐಬಿಎಂನ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದರು. ಮಾಹಿತಿಯನ್ನ ಸರಳ ಕೋಷ್ಟಕಗಳಲ್ಲಿ ಇಡಿ. ಬಳಸೋರು ಏನು ಬೇಕು ಅಂತಷ್ಟೇ ಕೇಳಲಿ. ಎಲ್ಲಿದೆ, ಹೇಗೆ ತರಬೇಕು ಅನ್ನೋದು ಯಂತ್ರದ ತಲೆನೋವು. ರಿಲೇಶನಲ್ ಡೇಟಾಬೇಸ್ ಹುಟ್ಟಿದ್ದು ಹೀಗೆ. ಕಾಡ್ ಅವರ ಕಂಪನಿಯೇ ಇದನ್ನ ಮಾರುಕಟ್ಟೆಗೆ ತರೋಕೆ ಮೀನಮೇಷ ಎಣಿಸ್ತು. ಆ ಗ್ಯಾಪಲ್ಲಿ 1979ರಲ್ಲಿ, ಇವತ್ತು ಒರಾಕಲ್ ಅಂತ ಕರೆಯೋ ಕಂಪನಿ ತನ್ನ ಡೇಟಾಬೇಸ್ ಮಾರೋಕೆ ಶುರು ಮಾಡ್ತು. ಮುಂದೆ ಪ್ರಪಂಚದ ಬ್ಯಾಂಕು, ರೈಲ್ವೆ, ವಿಮಾನ ಎಲ್ಲವೂ ಕೋಷ್ಟಕದ ಮೇಲೆ ಕೂತವು. ನನ್ನ ಪ್ರಕಾರ ಕಾಡ್ ಮಾಡಿದ ದೊಡ್ಡ ಕ್ರಾಂತಿ ಗಣಿತದ್ದಲ್ಲ, ಅಧಿಕಾರದ್ದು. 'ದಾರಿ ಗೊತ್ತಿರೋದು ನನಗೊಬ್ಬನಿಗೇ' ಅನ್ನೋನ ಕೈಯಿಂದ ಬೀಗದ ಕೈ ಕಿತ್ಕೊಂಡಿದ್ದು.

ಆ ಬೀಗದ ಕೈ ಕರ್ನಾಟಕಕ್ಕೆ ಬರೋಕೆ ಮೂವತ್ತು ವರ್ಷ ಬೇಕಾಯ್ತು. ಕೇಂದ್ರ ಸರ್ಕಾರ ಭೂದಾಖಲೆ ಗಣಕೀಕರಣಕ್ಕೆ ಪ್ರಾಯೋಗಿಕವಾಗಿ ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಒಂದು. ಅದು ಕೈಹಿಡೀಲಿಲ್ಲ. ದಾಖಲೆಯನ್ನ ಒಮ್ಮೆ ತುಂಬಿಸಿ ಕೂತ್ರೆ ಆಯ್ತಾ? ಹಳ್ಳಿಯಲ್ಲಿ ದಿನಾ ಮಾರಾಟ, ಪಾಲು, ವಾರಸಾ ನಡೀತಾನೇ ಇರುತ್ತೆ. ಪುಸ್ತಕ ಒಂದು ಹೇಳುತ್ತೆ, ಕಂಪ್ಯೂಟರ್ ಇನ್ನೊಂದು ಹೇಳುತ್ತೆ. ಎರಡು ದಾಖಲೆ ಇದ್ರೆ ಯಾವುದೂ ದಾಖಲೆ ಅಲ್ಲ.

ಈ ಪಾಠ ಕಲಿತು ಬಂದದ್ದೇ 'ಭೂಮಿ' ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ನೇತೃತ್ವ, ಎನ್‌ಐಸಿಯ ತಂತ್ರಾಂಶ. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋದವು. 2001ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೀತು. 15 ರೂಪಾಯಿ ಕೊಡು, ಪಹಣಿ ತಗೋ. ಕಿಟಕಿಯಲ್ಲಿ ಎರಡು ಪರದೆ, ಒಂದು ಸಿಬ್ಬಂದಿಗೆ, ಇನ್ನೊಂದು ರೈತನ ಕಡೆಗೆ ಮುಖ ಮಾಡಿ. ವರ್ದಿ ಅರ್ಜಿಗೆ ಸರದಿ ನಿಯಮ, ಮೊದಲು ಬಂದವರಿಗೆ ಮೊದಲು. ಸಾಹೇಬರ ಪರಿಚಯ ಇದ್ರೆ ಮುಂದೆ ಹೋಗೋಕೆ ತಂತ್ರಾಂಶ ಬಿಡಲ್ಲ. ಲಾಗಿನ್ ಆಗೋಕೆ ಬೆರಳಚ್ಚು, 'ನಾನು ಮಾಡಿಲ್ಲ ಸಾರ್' ಅನ್ನೋ ಹಾಗಿಲ್ಲ. ಎಲ್ಲಕ್ಕಿಂತ ದಿಟ್ಟ ಹೆಜ್ಜೆ ಅಂದ್ರೆ, ಗಣಕೀಕರಣ ಮುಗಿದ ಕಡೆ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಅಂತ ಸರ್ಕಾರ ಆದೇಶ ಮಾಡಿದ್ದು. ದಾಖಲೆ ಒಂದೇ. ದೇಶದ ಬೇರೆ ರಾಜ್ಯಗಳು ಬಂದು ನೋಡಿ ಕಲಿತ ಯೋಜನೆ ಇದು. ಇದರಲ್ಲಿ ನನಗೆ ಹೆಮ್ಮೆ ಇದೆ, ಮುಚ್ಚಿಡಲ್ಲ.

ಹೆಮ್ಮೆಯ ಪಕ್ಕದಲ್ಲೇ ಪ್ರಶ್ನೆಯೂ ಇರಬೇಕು. ಕೈಬರಹದಲ್ಲಿ ಇದ್ದ ತಪ್ಪು ಎಲ್ಲಿ ಹೋಯ್ತು? ಅದೂ ಕಂಪ್ಯೂಟರಿಗೇ ಹೋಯ್ತು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದ್ರೂ ಉತಾರದಲ್ಲಿ ಅಜ್ಜನ ಹೆಸರೇ. ಹೊಲದಲ್ಲಿ ಅಣ್ಣತಮ್ಮಂದಿರು ಬದು ಹಾಕ್ಕೊಂಡು ಬೇರೆ ಬೇರೆ ಬಿತ್ತುತ್ತಾರೆ, ಕಾಗದದಲ್ಲಿ ಪೋಡಿ ಆಗಿಲ್ಲ, ಜಂಟಿ ಖಾತೆ. ಮೊದಲು ತಪ್ಪು ತಲಾಟಿಯ ಕೈಬರಹದಲ್ಲಿ ಇದ್ದಾಗ 'ಅವನೇನೋ ಗೀಚಿದಾನೆ' ಅಂತ ಊರವರು ಅನುಮಾನ ಪಡ್ತಿದ್ರು. ಈಗ ಅದೇ ತಪ್ಪು ಅಚ್ಚುಕಟ್ಟಾಗಿ ಪ್ರಿಂಟ್ ಆಗಿ ಬರುತ್ತೆ. ಪ್ರಿಂಟ್ ಆದದ್ದನ್ನ ಯಾರೂ ಅನುಮಾನಿಸಲ್ಲ. ತಿದ್ದಿಸೋಕೆ ಊರ ಚಾವಡಿ ಸಾಲದು, ತಹಶೀಲ್ದಾರರ ಕಚೇರಿ, ಆಮೇಲೆ ಉಪವಿಭಾಗಾಧಿಕಾರಿ ಕಚೇರಿ, ಬಸ್ ಚಾರ್ಜು, ಕೂಲಿ ನಷ್ಟ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆಯ ಬಗ್ಗೆ ಎತ್ತಿದ ತಕರಾರೂ ಇಂಥದ್ದೇ: ದಾಖಲೆ ಮೇಲಕ್ಕೆ ಹೋದಷ್ಟೂ ಮೇಲೆ ಕೈ ಇರೋರಿಗೆ, ದೊಡ್ಡ ಜಮೀನು ವ್ಯವಹಾರದವರಿಗೆ ಅನುಕೂಲ. ಅವರ ಎಲ್ಲ ಮಾತನ್ನೂ ನಾನು ಒಪ್ಪಲ್ಲ. ಆದ್ರೆ ಆ ಪ್ರಶ್ನೆಯನ್ನ ತಳ್ಳಿಹಾಕೋಕೂ ಆಗಲ್ಲ.

2024ರ ಅಕ್ಟೋಬರ್ ನೆನಪಿದೆಯಾ? ಪಕ್ಕದ ವಿಜಯಪುರ ಜಿಲ್ಲೆಯಲ್ಲಿ ಪಹಣಿಯ 11ನೇ ಕಾಲಂ ರಾಜ್ಯದ ದೊಡ್ಡ ಸುದ್ದಿಯಾಯ್ತು. ವಕ್ಫ್ ನಮೂದು, ನೋಟಿಸ್, ರೈತರ ಹೋರಾಟ, ಕೊನೆಗೆ ನೋಟಿಸ್ ವಾಪಸ್ ಪಡೆಯೋಕೆ ಮುಖ್ಯಮಂತ್ರಿಗಳ ಸೂಚನೆ. ಎಲ್ಲ ಚಾನೆಲ್‌ಗಳಲ್ಲೂ ಪಕ್ಷ, ಧರ್ಮದ ಚರ್ಚೆ ಜೋರಾಗಿ ನಡೀತು. ಅದರ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಕಳೆದುಹೋಯ್ತು. ಯಾವುದೇ ಧರ್ಮದವನಾಗಿರಲಿ, ಯಾವುದೇ ಸಂಸ್ಥೆ ಆಗಿರಲಿ, ಬ್ಯಾಂಕೇ ಆಗಿರಲಿ, ನನ್ನ ಉತಾರದ ಒಂದು ಕಾಲಂನಲ್ಲಿ ಒಂದು ಸಾಲು ಸೇರೋ ಮೊದಲು ನನಗೆ ತಿಳಿಸಬೇಕೋ ಬೇಡವೋ? ವರ್ದಿ ಪುಸ್ತಕದ ಹಳೇ ನಿಯಮ ಕೇಳೋದು ಇಷ್ಟನ್ನೇ.

ಇನ್ನು ಈಗಿನ ಹೊಸ ಅಲೆಗೆ ಬರೋಣ. 2006ರಲ್ಲಿ ಗೂಗಲ್ ಬಿಗ್‌ಟೇಬಲ್ ಬಗ್ಗೆ, 2007ರಲ್ಲಿ ಅಮೆಜಾನ್ ಡೈನಮೊ ಬಗ್ಗೆ ಪ್ರಬಂಧ ಬರೆದವು. ಕೋಟಿಗಟ್ಟಲೆ ಜನ ಒಟ್ಟಿಗೆ ಬಂದ್ರೂ ಬಾಗಿಲು ಮುಚ್ಚಬಾರದು ಅನ್ನೋದು ಅಲ್ಲಿನ ಚಿಂತೆ. ಅದಕ್ಕಾಗಿ ಡೈನಮೊದಂಥ ವ್ಯವಸ್ಥೆ ಒಂದು ರಾಜಿ ಮಾಡ್ಕೊಳ್ತು: ಬೇರೆ ಬೇರೆ ಯಂತ್ರದಲ್ಲಿರೋ ಲೆಕ್ಕ ಸ್ವಲ್ಪ ಹೊತ್ತು ಹೊಂದಾಣಿಕೆ ಆಗದಿದ್ರೂ ಪರವಾಗಿಲ್ಲ, ಆಮೇಲೆ ಸರಿಹೋಗುತ್ತೆ. ಫೋಟೊಗೆ ಬಿದ್ದ ಲೈಕ್ ಲೆಕ್ಕಕ್ಕೆ ಇದು ಸಾಕು. ಹೊಲದ ಲೆಕ್ಕಕ್ಕೆ ಸಾಕಾ? ನೋಂದಣಿ ಇಲಾಖೆಯ 'ಕಾವೇರಿ' ಬೇರೆ, ಕಂದಾಯ ಇಲಾಖೆಯ 'ಭೂಮಿ' ಬೇರೆ. ಉಪನೋಂದಣಿ ಕಚೇರಿಯಲ್ಲಿ ಮಾರಾಟ ಆಗಿದೆ, ಉತಾರದಲ್ಲಿ ಇನ್ನೂ ಹಳೇ ಹೆಸರಿದೆ ಅಂದ್ರೆ ಆ ಸಂದಿಯಲ್ಲೇ ಒಂದೇ ಹೊಲವನ್ನ ಇಬ್ಬರಿಗೆ ಮಾರೋನು ನುಸುಳ್ತಾನೆ. ಅದಕ್ಕೇ ಎರಡನ್ನೂ ಜೋಡಿಸಬೇಕಾಯ್ತು.

ಈಗ ಎಲ್ಲೆಲ್ಲೂ ಈ ಜೋಡಣೆಯದ್ದೇ ಮಾತು. 2018ರ ಸಾಲ ಮನ್ನಾದಲ್ಲಿ ಬ್ಯಾಂಕಿನ ಲೆಕ್ಕ, ಆಧಾರ್, ರೇಷನ್ ಕಾರ್ಡ್, ಪಹಣಿ ಎಲ್ಲವನ್ನೂ ತಾಳೆ ನೋಡಿದ್ರು. ರೈತರಿಗೆ ಫ್ರೂಟ್ಸ್ ಐಡಿ ಬಂದಿದೆ. ಪಹಣಿಗೆ ಆಧಾರ್ ಜೋಡಣೆ ನಡೆದಿದೆ. ಕಂಪನಿಗಳಲ್ಲಿ ಇದಕ್ಕೆ ಮಾಸ್ಟರ್ ಡೇಟಾ ಮ್ಯಾನೇಜ್‌ಮೆಂಟ್ ಅಂತ ದೊಡ್ಡ ಹೆಸರು. ಹಳ್ಳಿ ಭಾಷೇಲಿ ಹೇಳೋದಾದ್ರೆ, ಬ್ಯಾಂಕಿನಲ್ಲಿರೋ ಮಲ್ಲಪ್ಪ, ಆಧಾರ್‌ನಲ್ಲಿರೋ ಮಲ್ಲಿಕಾರ್ಜುನ, ಉತಾರದಲ್ಲಿರೋ ಮಲ್ಲೇಶಪ್ಪ ಮೂವರೂ ಒಬ್ಬನೇ ಹೌದೋ ಅಲ್ಲವೋ? ಹೌದು ಅಂದ್ರೆ ಹಣ ಬರುತ್ತೆ. ಅಲ್ಲ ಅಂದ್ರೆ, ಬದುಕಿರೋ ಮನುಷ್ಯ ಕಚೇರಿ ಮುಂದೆ ನಿಂತು ತಾನೇ ತಾನು ಅಂತ ಸಾಬೀತು ಮಾಡಬೇಕು.

ಒಳ್ಳೇದೂ ನಡೀತಿದೆ. 'ಭೂ ಸುರಕ್ಷಾ' ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನ ಸ್ಕ್ಯಾನ್ ಮಾಡ್ತಿದಾರೆ. ಜಿರಲೆ, ಗೆದ್ದಲು ತಿನ್ನೋದು ತಪ್ಪುತ್ತೆ, ಕಡತ ಮಾಯ ಆಗೋದೂ ತಪ್ಪುತ್ತೆ. ಆದ್ರೆ ಸ್ಕ್ಯಾನ್ ಮಾಡಿದ್ದು ಚಿತ್ರ. ಜಮಖಂಡಿ ಸೀಮೆಯ ಮೋಡಿ ಕಡತವನ್ನ ಓದೋರು ಬೇಕಲ್ಲ? ಮೋಡಿ ಬಲ್ಲ ಹಿರಿಯರು ಕಡಿಮೆಯಾಗ್ತಿದ್ದಾರೆ. ಈ ಹುಡುಕಾಟಕ್ಕೂ ಎಐ ತರೋಣ ಅಂತಾರೆ, ತರಲಿ. ಅದಕ್ಕೆ ಕಲಿಸೋಕಾದ್ರೂ ಓದಬಲ್ಲವರು ಇರುವಾಗಲೇ ಕೂರಿಸಿ ಓದಿಸಬೇಕು.

ಹಾಗಾದ್ರೆ ಏನು ಮಾಡಬೇಕು? ಕೃಷ್ಣಾ ತೀರದ ಪರಿಹಾರದ ಕೋಟಿಗಳು ಕೈಬದಲಾಗೋ ಮುಂಚೆ ನಾನು ಸರ್ಕಾರಕ್ಕೆ ಕೇಳೋದು ಮೂರು.

ಒಂದು, ಉತಾರದ ಯಾವ ಕಾಲಂ ಬದಲಾದ್ರೂ, ಬದಲಾಗೋ ಮೊದಲು ಆ ಜಮೀನಿನವರ ಮೊಬೈಲಿಗೂ ಮನೆಗೂ ಕನ್ನಡದಲ್ಲಿ ನೋಟಿಸ್ ಹೋಗಲಿ. ಮೊಬೈಲ್ ನಂಬರ್ ಇಲ್ಲ ಅನ್ನೋದು ನೆಪ ಆಗಬಾರದು.

ಎರಡು, ಯಾರು, ಯಾವತ್ತು, ಯಾವ ಆದೇಶದ ಮೇಲೆ ತಿದ್ದಿದ್ರು ಅನ್ನೋ ಪೂರ್ತಿ ಇತಿಹಾಸ ಉತಾರದ ಜೊತೆಗೇ ಒಂದೇ ಕಾಗದದಲ್ಲಿ ಸಿಗಲಿ. ಕಂಪ್ಯೂಟರಿನ ಒಳಗೆ ಆ ಲಾಗ್ ಇದ್ದೇ ಇರುತ್ತೆ. ರೈತನ ಕಡೆಗೆ ತಿರುಗಿಸಿದ ಆ ಎರಡನೇ ಪರದೆಯಲ್ಲಿ ಅದೂ ಕಾಣಲಿ.

ಮೂರು, ಚಾವಡಿ ವಾಚನ. ಪಕ್ಕದ ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರ ಗಣಕೀಕರಣ ಮಾಡುವಾಗ ದಾಖಲೆಯನ್ನ ಊರ ಮುಂದೆ ಜೋರಾಗಿ ಓದಿಸಿ, ತಪ್ಪಿದ್ರೆ ಅಲ್ಲೇ ಹೇಳಿ ಅಂದಿದ್ರು. ಮುಳುಗಡೆ ಪಟ್ಟಿಯಲ್ಲಿರೋ ಪ್ರತಿ ಊರಲ್ಲೂ ಹೀಗೆ ಓದಿಸಿ. ಯಾವ ಹೊಲಕ್ಕೆ ಯಾವ ವರ್ಷದಿಂದ ಏತದ ನೀರಿದೆ, ಯಾರ ಬಾವಿ ಯಾವಾಗ ತೋಡಿದ್ದು, ಊರಿಗೆ ಗೊತ್ತು. ಸರ್ವರಿಗೆ ಗೊತ್ತಿಲ್ಲ.

ಇನ್ನು ನಿಮಗೆ, ವೀಕ್ಷಕರೇ. ಈ ವಾರ ಬಿಡುವು ಮಾಡ್ಕೊಂಡು ನಿಮ್ಮ ಪಹಣಿ ತೆಗೆಸಿ. 8ನೇ ಕಾಲಂನಲ್ಲಿ ನೀರಾವರಿ ಏನಂತಿದೆ ನೋಡಿ. 9ರಲ್ಲಿ ಇರೋ ಹೆಸರು ಬದುಕಿರೋರದ್ದಾ ನೋಡಿ. 10ರಲ್ಲಿರೋ ವರ್ದಿ ನಂಬರ್ ಬರ್ಕೊಳ್ಳಿ, ಆ ವರ್ದಿಯ ನಕಲನ್ನೂ ಕೇಳಿ. 11ರಲ್ಲಿ ತೀರಿಸಿದ ಸಾಲ ಇನ್ನೂ ಕೂತಿದೆಯಾ ನೋಡಿ. ತಪ್ಪಿದ್ರೆ ಇವತ್ತೇ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಚಿಕ್ಕಪಡಸಲಗಿಯ ರೈತರು ಸರ್ಕಾರ ಬರಲಿ ಅಂತ ಕೂರದೆ ನದಿಗೇ ಅಡ್ಡ ಕಟ್ಟಿದ್ರು. ಆ ನೀರನ್ನ ಕಾಗದದ ಮೇಲೆ ತರೋ ಕೆಲಸ ಅದಕ್ಕಿಂತ ಸಣ್ಣದು, ಆದ್ರೆ ಅಳತೆಗೆ ಅಧಿಕಾರಿಗಳು ಊರಿಗೆ ಬರೋ ಮೊದಲೇ ಮುಗೀಬೇಕು.